ಇವರ ಇನ್, ಆನ್, ಅಂಡರ್

ಫೆಬ್ರವರಿ ೯, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಚಿನಕುರುಳಿಯ ನಮಸ್ಕಾರಗಳು, ಭಾವನವರಿಗೂ ಸೇರಿಸಿ. ಎಲ್ಲರೂ ಕಾಗದದ ತಲೆಯ ಮೇಲೆ ‘ಕ್ಷೇಮ’ ಎಂದು ಬರೆದು ಒಳಗೆ ಗೋಳು ತೋಡಿಕೊಳ್ಳುತ್ತಾರೆ. ನಾನು ಈ ಸಲ ಬರೆಯುತ್ತಿರುವುದು ಅಪ್ಪಟ ಕ್ಷೇಮ, ನಂಬು.

ತಡವಾಯಿತು, ಬೈಯಬೇಡ. ನಿನ್ನ ಕಾಗದಗಳು ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಬಾಬಿನ್ನುಗಳ ಜೊತೆ ಬಿದ್ದುಕೊಂಡಿದ್ದವು. ಡ್ರಾಯರು ಎಳೆದಾಗಲೆಲ್ಲ ‘ಏನೇ, ನಮಗೆ ಉತ್ತರ ಇಲ್ಲವಾ?’ ಎಂದು ಕೇಳುತ್ತಿದ್ದವು. ಬರೆಯಲು ಕೂತರೆ ಏನು ಬರೆಯಲಿ? ‘ಇವರಿಗೆ ಇನ್ನೂ ಮಾತು ಬಂದಿಲ್ಲ’ ಎಂದು ಬರೆಯಲು ನನಗೆ ಕೈಯೇ ಬರಲಿಲ್ಲ. ಬರೆದುಬಿಟ್ಟರೆ ಅದೇ ಖಾಯಂ ಆಗಿಬಿಡುತ್ತದೇನೋ ಎಂಬ ಹೆದರಿಕೆ. ಅದಕ್ಕೇ ಡ್ರಾಯರು ಮುಚ್ಚಿ ಮೆಷಿನ್ ತುಳಿಯುತ್ತಿದ್ದೆ.

ಈಗ ನೀನು ಕೂತುಕೋ. ಭಾವನವರನ್ನೂ ಕರೆದು ಕೂರಿಸು. ಅಕ್ಕಾ, ಇವರು ಮಾತಾಡಿದರು!

ತಡಿ ತಡಿ, ಆಗಲೇ ಕಣ್ಣೊರೆಸಿಕೊಳ್ಳಬೇಡ. ಕನ್ನಡದಲ್ಲಿ ಅಲ್ಲ, ಇಂಗ್ಲಿಷಿನಲ್ಲಿ. ಹೆಂಡತಿಗೆ ಒಂದಕ್ಷರ ಇಂಗ್ಲಿಷ್ ಬರುವುದಿಲ್ಲ, ಗಂಡನಿಗೆ ಇಂಗ್ಲಿಷ್ ಬಿಟ್ಟು ಇನ್ನೇನೂ ಬರುವುದಿಲ್ಲ. ನಮ್ಮ ಸಂಸಾರದ ಚೆಂದ ನೋಡು.

ಇದೆಲ್ಲ ನಿನ್ನಿಂದಲೇ ಆದದ್ದು. ನೀನು ಇಲ್ಲಿಂದ ಹೊರಟ ದಿನ ಹೊಸ್ತಿಲಲ್ಲಿ ಚೀಲ ಹಿಡಿದು ನಿಂತು ಹೇಳಿದ್ದೆ, “ಹುಟ್ಟುಗುಣ ಸುಟ್ಟರೂ ಹೋಗಲ್ಲ ಕಣೇ. ನಿನ್ ಗಂಡನ ಮುಂದೆ ಒಂದು ತಪ್ಪು ಇಂಗ್ಲಿಷ್ ಮಾತಾಡಿ ನೋಡು. ಸುಮ್ನಿರೋ ಜೀವ ಅಲ್ಲ ಅದು.” ಭಾವನವರು ಅದಕ್ಕೆ ಒಗ್ಗರಣೆ ಹಾಕಿದ್ದರು: “ಮೇಷ್ಟ್ರ ಮನೆಗೆ ಕಳ್ಳ ಬಂದು ತಪ್ಪು ಇಂಗ್ಲಿಷಲ್ಲಿ ಬೆದರಿಸಿದ್ರೆ, ಮೊದಲು ಅವನ ವಾಕ್ಯ ತಿದ್ದಿ ಆಮೇಲೆ ಬೀಗದ ಕೈ ಕೊಡ್ತಾರೆ.” ಆಗ ನನಗೆ ನಗಲೂ ತ್ರಾಣವಿರಲಿಲ್ಲ. ಇವರು ಬಲಗೈ ಸೋತು, ಬಾಯಿ ವಾರೆಯಾಗಿ, ಏನು ಕೇಳಿದರೂ ‘ಅ... ಅ...’ ಎಂದು ತಡಕಾಡುತ್ತಿದ್ದ ಕಾಲ ಅದು. ಜೀವನವೆಲ್ಲ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಟ್ಟ ಬಾಯಿ. ಒಂದು ಬೆಳಗ್ಗೆ ಮೆದುಳಿನ ಒಂದು ನರ ಕಟ್ಟಿಕೊಂಡದ್ದಕ್ಕೆ ನೀರು ಬೇಕು ಎನ್ನಲೂ ಬಾರದ ಹಾಗಾಗಿತ್ತು.

ನಿನಗೆ ಗೊತ್ತಲ್ಲ, ಚೆನ್ನಾಗಿದ್ದಾಗಲೂ ಇವರು ಮನೆಯಲ್ಲಿ ಮಾತಾಡುತ್ತಿದ್ದದ್ದು ಅಷ್ಟಕ್ಕಷ್ಟೇ. ಮಾತೆಲ್ಲ ಶಾಲೆಯಲ್ಲಿ ಖರ್ಚು ಮಾಡಿ ಮನೆಗೆ ಬರಿಗೈಯಲ್ಲಿ ಬರುತ್ತಿದ್ದರು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ನಮ್ಮನೆಯಲ್ಲಿ ಬಂಗಾರ ಬೇಕಾದಷ್ಟಿತ್ತು, ಚೂರು ಬೆಳ್ಳಿಗೇ ಗತಿ ಇರಲಿಲ್ಲ. ಆದರೂ ‘ಇವಳೇ, ಚಹಾ’ ಎನ್ನುತ್ತಿದ್ದರು, ‘ಇವಳೇ, ಛತ್ರಿ ಎಲ್ಲಿ’ ಎನ್ನುತ್ತಿದ್ದರು. ಅದೂ ನಿಂತುಹೋದಾಗ ಮನೆಯಲ್ಲಿ ಮೆಷಿನ್ನಿನ ಸದ್ದು ಒಂದೇ ಉಳಿಯಿತು. ಮಕ್ಕಳಿಲ್ಲದ ಮನೆ, ಇರುವುದು ಇಬ್ಬರೇ. ನನ್ನಂಥ ಬಾಯಿಬಡುಕಿ ಯಾರ ಜೊತೆ ಮಾತಾಡಲಿ? ಒಂದು ದಿನ ಇಸ್ತ್ರಿಪೆಟ್ಟಿಗೆಯ ಜೊತೆ ಜಗಳವಾಡುತ್ತಿದ್ದೆ ಅಂದರೆ ನೀನೇ ಊಹಿಸಿಕೋ. ನನಗೆ ಬೇಕಾಗಿದ್ದದ್ದು ಇಷ್ಟೇ: ಇವರ ಬಾಯಿಂದ ಒಂದು ಮಾತು ಹೊರಡಬೇಕು, ಅದು ನನ್ನ ಕಡೆಗೆ ಬರಬೇಕು.

ಇವರು ಮಾತಾಡಿದ ಆ ಬೆಳಗ್ಗೆ ಇವರನ್ನು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಬೇಕರಿಯಮ್ಮನ ಕೋಟಿನ ಹಳೆಯ ಜಿಪ್ ಬಿಚ್ಚುತ್ತಿದ್ದೆ. ದಾರ ಎಳೆದೂ ಎಳೆದೂ ಸಾಕಾಗಿ ತಲೆ ಎತ್ತಿದರೆ ಎದುರಿಗೆ ಮೇಜು, ಮೇಜಿನ ಮೇಲೆ ಪೆನ್ನು. ನಿನ್ನ ಮಾತು ಫಕ್ಕನೆ ನೆನಪಾಯಿತು. ನನಗೆ ಇಂಗ್ಲಿಷ್ ಎಲ್ಲಿಂದ ಬರಬೇಕು ಹೇಳು? ಆದರೆ ಇವರು ಸಂಜೆ ಮುಂದಿನ ಕೋಣೆಯಲ್ಲಿ ಟ್ಯೂಷನ್ ಹೇಳುತ್ತಿದ್ದಾಗ ಪರದೆಯ ಈಚೆ ನಾನು ಹೊಲಿಯುತ್ತಿದ್ದೆನಲ್ಲ. ವರ್ಷ ವರ್ಷ ಮಕ್ಕಳು ಬದಲಾಗುತ್ತಿದ್ದರು, ಪಾಠ ಅದೇ. ಒಂದು ಕುರ್ಚಿ, ಒಂದು ಡಸ್ಟರು. ಡಸ್ಟರನ್ನು ಕುರ್ಚಿಯ ಮೇಲಿಡುವುದು, ಕೆಳಗಿಡುವುದು, ಹಿಂದಿಡುವುದು, ‘ವೇರ್ ಈಸ್ ದ ಡಸ್ಟರ್?’ ಎಂದು ಕೇಳುವುದು. ಮಕ್ಕಳು ಒಟ್ಟಿಗೆ ಕೂಗುವುದು. ಆ ಕೂಗು ನನ್ನ ಕಿವಿಯೊಳಗೆ ಹೊಲಿಗೆ ಹಾಕಿದ ಹಾಗೆ ಕೂತಿತ್ತು.

“ರೀ, ಇಲ್ನೋಡಿ,” ಅಂದೆ. “ದ ಪೆನ್ ಈಸ್ ಇನ್ ದ ಟೇಬಲ್.”

ಇವರ ಹುಬ್ಬು ಅಲುಗಿತು. ಅಷ್ಟೇ. ಇನ್ನೊಮ್ಮೆ ಹೇಳಿದೆ, ಇಡೀ ಕ್ಲಾಸಿಗೆ ಕೇಳುವಷ್ಟು ಗಟ್ಟಿಯಾಗಿ. ಮುಖ ಕೆಂಪಾಯಿತು. ಎಡಗೈ ಮೇಲೆದ್ದಿತು. ತುಟಿ ಎರಡು ಮೂರು ಸಲ ಮುಚ್ಚಿ ತೆರೆಯಿತು. ನನಗೆ ಹೆದರಿಕೆಯಾಗಿ ‘ಬೇಡ ಬಿಡಿ ರೀ’ ಎನ್ನುವಷ್ಟರಲ್ಲಿ ಹೊರಬಂತು:

“ಆನ್.”

ಅಕ್ಕಾ, ನಾನು ಕೋಟು ಬಿಸುಟು ಅಡುಗೆಮನೆಗೆ ಓಡಿದೆ. ಯಾಕೆ ಓಡಿದೆನೋ ದೇವರಿಗೇ ಗೊತ್ತು. ನಲ್ಲಿ ತಿರುಗಿಸಿ ಮುಖ ತೊಳೆದು, ಅತ್ತು, ಮತ್ತೆ ತೊಳೆದು ಬಂದೆ. ಇವರು ಬಾಗಿಲನ್ನೇ ನೋಡುತ್ತಿದ್ದರು, ಪಾಠದ ನಡುವೆ ಕೇಳದೆ ಎದ್ದುಹೋದವಳ ಮೇಲೆ ಸಿಟ್ಟು ಮಾಡಿಕೊಂಡ ಹಾಗೆ. “ಆನ್ ದ ಟೇಬಲ್,” ಅಂದರು. ಪೂರ್ತಿ, ಒಂದಕ್ಷರ ಬಿಡದೆ! ಆಮೇಲೆ ಕೈಯಿಂದ ಕುರ್ಚಿ ತೋರಿಸಿ, “ಸಿಟ್.”

ಮಾತು ಕಲಿಸಲು ಬರುವ ಡಾಕ್ಟರಮ್ಮನಿಗೆ ಹೇಳಿದರೆ ಆಕೆಗೆ ಆಶ್ಚರ್ಯವೇ ಆಗಲಿಲ್ಲ. “ಕೆಲವರಿಗೆ ಎಣಿಕೆ ಉಳಿದಿರುತ್ತೆ, ಕೆಲವರಿಗೆ ಹಾಡು ಉಳಿದಿರುತ್ತೆ. ಸಾವಿರಾರು ಸಲ ಹೇಳಿದ್ದು ಬೇರೆ ಕಡೆ ಉಳ್ಕೊಂಡಿರುತ್ತೆ ಅಮ್ಮ. ನಿಮ್ಮನೆಯವರಿಗೆ ಈ ಪಾಠ ಉಳಿದಿದೆ. ಆ ಕಾಲುದಾರೀಲೇ ನಡೀಲಿ ಬಿಡಿ, ದೊಡ್ಡ ರಸ್ತೆ ಆಮೇಲೆ ತೆರ್ಕೊಳ್ಳುತ್ತೆ. ನೀವು ದಿನಾ ವಿದ್ಯಾರ್ಥಿ ಆಗಿ,” ಅಂದಳು. “ನನ್ ತಲೆಗೆ ಹತ್ತುತ್ತಾ ಡಾಕ್ಟರಮ್ಮ?” ಅಂದೆ. “ಹತ್ತದೇ ಇದ್ರೇ ಒಳ್ಳೇದು. ತಪ್ಪು ಮಾಡ್ತಾ ಇರಿ, ಅವರು ತಿದ್ತಾ ಇರಲಿ,” ಅಂದಳು. ತಪ್ಪು ಮಾಡಿದರೆ ಸಾಕು ಎನ್ನುವ ಕೆಲಸ ನನಗೆ ಜನ್ಮದಲ್ಲಿ ಮೊದಲ ಸಲ ಸಿಕ್ಕಿದ್ದು. ಆ ತಾಯಿ ನೂರು ಕಾಲ ಬಾಳಲಿ.

ಅಂದಿನಿಂದ ಸಂಜೆ ಚಹಾ ಆದಮೇಲೆ ನಮ್ಮನೆ ಶಾಲೆ. ಬೋರ್ಡು ಇರಲಿಲ್ಲ. ಕೋಟಿನ ಒಳಪದರಕ್ಕೆಂದು ತಂದ ಕಪ್ಪು ಬಟ್ಟೆಯನ್ನು ಗೋಡೆಗೆ ಗುಂಡುಪಿನ್ನಿನಲ್ಲಿ ಬಿಗಿದೆ. ಬಟ್ಟೆ ಗುರುತು ಮಾಡುವ ನನ್ನ ಸೀಮೆಸುಣ್ಣವೇ ಬಳಪ. ಇವರು ಎಡಗೈಯಲ್ಲಿ ಬರೆಯುತ್ತಾರೆ. ಅಕ್ಷರ ಗಾಳಿಗೆ ಸಿಕ್ಕ ಬಟ್ಟೆಯ ಹಾಗೆ ಒಂದು ಕಡೆ ವಾಲುತ್ತದೆ. ಪರವಾಗಿಲ್ಲ, ಓದಲು ಬರುತ್ತದೆ.

ಪ್ರಿಪೋಸಿಷನ್ ಅಂತೆ ಅದರ ಹೆಸರು. ಹೆಸರೇ ಇಷ್ಟುದ್ದ, ಪದಗಳು ಮಾತ್ರ ಎರಡು ಮೂರು ಅಕ್ಷರದ ಪುಡಿಗಳು: ಇನ್, ಆನ್, ಅಟ್, ಬೈ, ಟು. ನಾವು ‘ಮೇಜಿನ ಮೇಲೆ’ ಎನ್ನುತ್ತೇವೆ. ಮೇಜು ಮೊದಲು, ‘ಮೇಲೆ’ ಆಮೇಲೆ. ಇಂಗ್ಲಿಷಿನವರಿಗೆ ‘ಮೇಲೆ’ ಮೊದಲು ಬಂದು ನಿಲ್ಲಬೇಕು, ಮೇಜು ಅದರ ಹಿಂದೆ ಬರಬೇಕು. ಅಂಗಿ ತಿರುವಿ ತೊಟ್ಟ ಹಾಗೆ. ನಾನು ವಾರಗಟ್ಟಲೆ “ದ ಟೇಬಲ್ ಆನ್”, “ದ ಡೋರ್ ಬಿಹೈಂಡ್” ಎನ್ನುತ್ತಿದ್ದೆ. ಇವರು ತಲೆ ಹಿಡಿದುಕೊಳ್ಳುತ್ತಿದ್ದರು. ಆಮೇಲೆ ‘ಆನ್’ ಎಂದು ಹೇಳಿ ಸುಮ್ಮನಾದೆ ಅನ್ನು, ಅದಕ್ಕೂ ಒಪ್ಪುವುದಿಲ್ಲ. “ಆನ್ ವಾಟ್?” ಎನ್ನುತ್ತಾರೆ. ಆ ಪುಡಿ ಪದ ಒಂಟಿಯಾಗಿ ಬದುಕುವುದಿಲ್ಲವಂತೆ, ಅದರ ಬೆನ್ನಿಗೆ ಒಂದು ಹೆಸರು ಇರಲೇಬೇಕಂತೆ. ನನ್ನ ಹಾಗೇ ಅಂದುಕೊಂಡೆ, ಮಾತಾಡಲು ಒಬ್ಬರು ಜೊತೆಗೆ ಬೇಕು.

ನಾನೂ ಒಂದು ಉಪಾಯ ಕಂಡುಹಿಡಿದೆ, ಕೇಳು. ಸೂಜಿ ಬಟ್ಟೆಯ ಜೊತೆ ಏನೇನು ಮಾಡಬಲ್ಲದೋ ಅದೆಲ್ಲ ಪ್ರಿಪೋಸಿಷನ್. ಬಟ್ಟೆಯೊಳಗೆ ಹೋಗುತ್ತದೆ, ಇನ್‌ಟು. ತೂರಿ ಆಚೆ ಹೋಗುತ್ತದೆ, ಥ್ರೂ. ಕೆಳಗೆ ಬರುತ್ತದೆ, ಅಂಡರ್. ಅಂಚಿನುದ್ದಕ್ಕೂ ಓಡುತ್ತದೆ, ಅಲಾಂಗ್. ಎರಡು ಪದರದ ನಡುವೆ ಸಿಕ್ಕಿಬೀಳುತ್ತದೆ, ಬಿಟ್ವೀನ್. ಸೂಜಿ ಹಿಡಿದು ಒಂದೊಂದೇ ಮಾಡಿ ತೋರಿಸಿದೆ. ಇವರು ಕಣ್ಣರಳಿಸಿ ನೋಡಿದರು, ಆಮೇಲೆ ಎಡಗೈ ಬೆರಳು ಆಡಿಸಿ ತುಂಟತನದಿಂದ ಕೇಳಿದರು, “ಡ್ಯೂರಿಂಗ್?” ನನ್ನ ಸೂಜಿ ಅಲ್ಲೇ ನಿಂತಿತು. “ಆಫ್?” ಎಂದು ಇನ್ನೊಂದು ಎಸೆದರು. ಎಲ್ಲವೂ ಜಾಗ ತೋರಿಸುವ ಪದಗಳೇ ಅಲ್ಲ, ಕೆಲವು ಹೊತ್ತು ಹೇಳುತ್ತವೆ, ಕೆಲವು ಯಾವುದು ಯಾರದು ಎಂದು ಹೇಳುತ್ತವೆ ಎಂದು ಅವತ್ತು ಗೊತ್ತಾಯಿತು. ಗೊತ್ತಾದದ್ದಕ್ಕಿಂತ ಹೆಚ್ಚಾಗಿ, ಇವರು ನಕ್ಕರು ಅಕ್ಕ. ವಾರೆ ಬಾಯಲ್ಲೇ ನಕ್ಕರು.

ಆ ಪುಡಿ ಪದದಿಂದ ಹಿಡಿದು ಅದರ ಹೆಸರಿನ ತನಕ ಒಂದು ಸುತ್ತು ಹಾಕುತ್ತಾರೆ. ಅದೆಲ್ಲ ಒಂದೇ ಕಟ್ಟು. ‘ದ ಕೋಟ್ ಬಿಹೈಂಡ್ ದ ಡೋರ್’ ಎಂದು ಬರೆದು ‘ಬಿಹೈಂಡ್ ದ ಡೋರ್’ ಸುತ್ತ ಗೆರೆ ಎಳೆದು, “ವಿಚ್ ಕೋಟ್?” ಎಂದು ಕೇಳುತ್ತಾರೆ. ಯಾವ ಕೋಟು? ಬಾಗಿಲ ಹಿಂದಿನದು. ಸುತ್ತು ಹಾಕಿದ್ದನ್ನು ಅಳಿಸಿದರೂ ವಾಕ್ಯ ನಿಲ್ಲುತ್ತದೆ. ತೋಳು ಬಿಚ್ಚಿದರೂ ಅಂಗಿ ಅಂಗಿಯೇ, ಚಳಿ ಮಾತ್ರ ಜಾಸ್ತಿ.

ಒಂದು ದಿನ ದೊಡ್ಡ ರಾದ್ಧಾಂತವೇ ಆಯಿತು. ನಾನು ಗುಂಡಿಗಳ ಡಬ್ಬಿ ಎತ್ತಿ ಹಿಡಿದು, “ದ ಬಾಕ್ಸ್ ಆಫ್ ಬಟನ್ಸ್ ಆರ್ ಹೆವಿ,” ಅಂದೆ. ಬೇಕೆಂದು ಮಾಡಿದ ತಪ್ಪಲ್ಲ, ಸರಿ ಎಂದೇ ತಿಳಿದು ಹೇಳಿದ್ದು. ಇವರು ಮೇಜು ಗುದ್ದಿ “ಈಸ್!” ಅಂದರು. ನನಗೂ ರೇಗಿತು. “ಡಬ್ಬಿ ತುಂಬಾ ಗುಂಡಿ ಇವೆ ರೀ, ನೀವೇ ಎಣಿಸ್ಕೊಳ್ಳಿ ಬೇಕಾದ್ರೆ!” ಅಂದೆ. ಇವರು ಕೋಲೂರಿ ಎದ್ದು, ನನ್ನ ವಾಕ್ಯವನ್ನು ಗೋಡೆಯ ಬಟ್ಟೆಯ ಮೇಲೆ ಬರೆದು, ‘ಆಫ್ ಬಟನ್ಸ್’ ಅನ್ನು ಅಂಗೈಯಿಂದ ಮುಚ್ಚಿ ನನ್ನ ಕಡೆ ತಿರುಗಿ ನಿಂತರು. ಉಳಿದದ್ದು ಡಬ್ಬಿ ಒಂದೇ. ಭಾರ ಇರುವುದು ಡಬ್ಬಿ. ಗುಂಡಿ ಬರೀ ಸುತ್ತಿನೊಳಗಿನವು, ಅವುಗಳ ಮಾತನ್ನು ಕ್ರಿಯಾಪದ ಕೇಳುವುದಿಲ್ಲ. “ಬಾಕ್ಸ್. ಈಸ್,” ಅಂದರು ಮೆಲ್ಲಗೆ. ನಾನು “ದ ಬಾಕ್ಸ್ ಆಫ್ ಬಟನ್ಸ್ ಈಸ್ ಹೆವಿ,” ಅಂದೆ. ಆಗ ಇವರು ಏನಂದರು ಗೊತ್ತಾ?

“ವೆರಿ ಗುಡ್, ಲಾಸ್ಟ್ ಬೆಂಚ್.”

ಕಿಟಕಿಯ ಹತ್ತಿರ ಇವರ ಕುರ್ಚಿ, ಮೆಷಿನ್ನಿನ ಹಿಂದೆ ನಾನು. ಅದಕ್ಕೆ ನನಗೆ ಇಟ್ಟ ಹೆಸರು ಲಾಸ್ಟ್ ಬೆಂಚ್. ಮದುವೆಯಾದ ಹೊಸತರಲ್ಲಿ ‘ನನಗೂ ಸ್ವಲ್ಪ ಇಂಗ್ಲಿಷ್ ಹೇಳಿಕೊಡಿ’ ಎಂದು ಕೇಳಿದ್ದೆ. ‘ನಿನಗ್ಯಾಕೆ, ನಿನ್ ಮೆಷಿನ್ ಇಂಗ್ಲಿಷ್ ಕೇಳುತ್ತಾ?’ ಎಂದು ನಕ್ಕು ಶಾಲೆಗೆ ಹೋಗಿದ್ದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಹೊತ್ತಾಗಿತ್ತು. ಈಗ ನೋಡು, ಅದೇ ಮನುಷ್ಯ ದಿನಾ ಸಂಜೆ ನನಗಾಗಿ ಬಳಪ ಹಿಡಿದು ನಿಲ್ಲುತ್ತಾರೆ. ನಾನು ಸರಿ ಹೇಳಿದರೆ ಎಡಗೈಯಿಂದ ತೊಡೆ ತಟ್ಟಿ ಚಪ್ಪಾಳೆ ಮಾಡುತ್ತಾರೆ. ನಾನು ಮಾತಾಡುವಾಗ ನನ್ನ ಬಾಯನ್ನೇ ನೋಡುತ್ತಿರುತ್ತಾರೆ, ಒಂದು ಪದವೂ ತಪ್ಪಿಹೋಗಬಾರದು ಎನ್ನುವ ಹಾಗೆ. ಇಷ್ಟು ವರ್ಷದಲ್ಲಿ ನನ್ನ ಮಾತನ್ನು ಇಷ್ಟು ಗಮನ ಕೊಟ್ಟು ಯಾರೂ ಕೇಳಿಲ್ಲ ಅಕ್ಕ, ನೀನೂ ಕೇಳಿಲ್ಲ. ನೀನು ತರಕಾರಿ ಹೆಚ್ಚುತ್ತ ಹೂಂಗುಟ್ಟುತ್ತಿದ್ದೆ.

ಮೊನ್ನೆ ಬೇಕರಿಯಮ್ಮ ಕೋಟು ಕೇಳಿಕೊಂಡು ಬಂದಳು. ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಮೇಷ್ಟ್ರಿಗೆ ಮಾತಿಲ್ಲ ಎಂದು ಗೊತ್ತಿದ್ದೂ ಆಕೆ ಅಭ್ಯಾಸಬಲದಿಂದ, “ಮೇಷ್ಟ್ರೇ, ನನ್ ಕೋಟು ಎಲ್ಲಿಟ್ಟಿದಾರೆ?” ಎಂದಳಂತೆ. “ಬಿಹೈಂಡ್ ದ ಡೋರ್,” ಎಂದರಂತೆ ಇವರು. ಆಕೆ ಹಿತ್ತಲಿಗೆ ಓಡಿ ಬಂದು, “ಅಯ್ಯೋ ನಿಮ್ಮನೆ ಮೇಷ್ಟ್ರು ಮಾತಾಡಿದ್ರು ಕಣ್ರೀ!” ಎಂದು ನನ್ನ ತೋಳು ಹಿಡಿದು ಅಲ್ಲಾಡಿಸಿಬಿಟ್ಟಳು. ನನ್ನ ಕೈಲಿದ್ದ ಒದ್ದೆ ಬಟ್ಟೆ ಕೆಸರಿಗೆ ಬಿತ್ತು, ಹೋಗಲಿ. ಪಾಠದ ಹೊರಗೆ ಇವರು ಆಡಿದ ಮೊದಲ ಮಾತು ಅದು. ಯಾರೋ ಕೇಳಿದರು, ಇವರು ಹೇಳಿದರು, ಕೋಟು ಅಲ್ಲೇ ಇತ್ತು. ಬೇಕರಿಯಮ್ಮ ಸಂಜೆ ಬಿಸಿ ಬ್ರೆಡ್ಡು ಕಳಿಸಿದಳು. ಇಂಥ ಜನ ಅಕ್ಕಪಕ್ಕ ಇರುವುದು ನನ್ನ ಪುಣ್ಯ.

ನಿನ್ನ ಋಣ ತೀರಿಸುವುದು ಈ ಜನ್ಮದಲ್ಲಿ ಆಗದ ಮಾತು. ಭಾವನವರಿಗೆ ಕಳ್ಳನ ಜೋಕು ನಿಜವಾಯಿತೆಂದು ಹೇಳು. ನಿಮ್ಮಿಬ್ಬರ ಆರೋಗ್ಯ ಚೆನ್ನಾಗಿರಲಿ.

ನಿನ್ನ
ಚಿನಕುರುಳಿ

ತಾ.ಕ.: ಕನ್ನಡ ಮಾತ್ರ ಇನ್ನೂ ಒಂದಕ್ಷರ ಬಂದಿಲ್ಲ. ‘ಇವಳೇ’ ಎಂದು ಒಂದು ಸಲ ಕರೆದರೆ ಸಾಕಾಗಿದೆ. ನೀನು ಬೇಡಿಕೊಂಡರೆ ದೇವರು ಬೇಗ ಕೇಳುತ್ತಾನೆ. ಅದೊಂದನ್ನು ಬೇಡಿಕೋ.

•

ಜುಲೈ ೨೦, ಭಾನುವಾರ

ಪ್ರೀತಿಯ ಅಕ್ಕನಿಗೆ,

ಮತ್ತೆ ತಡ, ಮತ್ತೆ ಕ್ಷಮಿಸು. ಶಾಲೆ ಶುರುವಾದಾಗಿನಿಂದ ಮಕ್ಕಳ ಸಮವಸ್ತ್ರಗಳು ರಾಶಿ ಬಿದ್ದಿವೆ. ಗುಂಡಿ ಹಾಕಿ ಹಾಕಿ ಬೆರಳ ತುದಿ ದಪ್ಪಗಾಗಿದೆ. ಭಾವನವರ ಮಂಡಿನೋವು ಹೇಗಿದೆ? ನಡೆಯುವುದು ಬಿಡಬಾರದು ಎಂದು ನಮ್ಮ ಡಾಕ್ಟರಮ್ಮ ಹೇಳಿ ಕಳಿಸಿದ್ದಾಳೆ. ಬಿಟ್ಟರೆ ನಾನೇ ಬಂದು ಓಡಿಸುತ್ತೇನೆ ಎಂದು ಹೇಳು.

ನಿನ್ನ ಬೇಡಿಕೆ ದೇವರಿಗೆ ಮುಟ್ಟಿದೆ ಅಕ್ಕ. ಕನ್ನಡ ಬಂತು!

ಹೇಗೆ ಬಂತು ಎಂದರೆ ನೀನು ನಗುತ್ತೀ. ಒಂದು ಸಂಜೆ ಪಾಠ ನಡೆದಿತ್ತು. ದಪ್ಪ ಬಟ್ಟೆಯ ನಡುಪಟ್ಟಿ ಹೊಲಿಯುತ್ತಲೇ ನಾನು ಪಾಠ ಒಪ್ಪಿಸುತ್ತಿದ್ದೆ. ‘ವಿತೌಟ್’ ಹಾಕಿ ವಾಕ್ಯ ಮಾಡು ಎಂದಿದ್ದರು. ನಾನು ಕಣ್ಣು ಮುಚ್ಚಿ ಯೋಚಿಸುತ್ತ ಮೆಷಿನ್ ತುಳಿದೆ, ನೋಡು, ಸೂಜಿ ಸೀದಾ ಬೆರಳಿಗೆ ಇಳಿಯಿತು. “ಅಮ್ಮಾ!” ಎಂದು ಚೀರಿದೆ. ಇವರು ಬಳಪ ಬಿಸಾಕಿ, “ನೋಡ್ಕೊಂಡು ಮಾಡಬಾರ್ದಾ? ಕಣ್ಣೇನು ತಲೆ ಮೇಲಿದೆಯಾ?” ಎಂದರು.

ರಕ್ತ ತೊಟ್ಟಿಕ್ಕುತ್ತಿದೆ, ನಾನು ನಗುತ್ತಿದ್ದೇನೆ. “ಇನ್ನೊಂದ್ಸಲ ಬೈರಿ ರೀ! ಇನ್ನೊಂದ್ಸಲ!” ಅಂದೆ. ಇವರಿಗೆ ತಾನು ಏನು ಮಾತಾಡಿದೆ ಎಂದು ಆಮೇಲೆ ತಿಳಿದು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡರು. ಇಬ್ಬರೂ ಅತ್ತೆವು. ಬೆರಳಿಗೆ ಬಟ್ಟೆ ಸುತ್ತಲು ಇವರೇ ಬಂದರು, ಒಂದೇ ಕೈಯಲ್ಲಿ ಗಂಟು ಹಾಕಲು ಬಾರದೆ ಹಲ್ಲಿನಿಂದ ಎಳೆದು ಬಿಗಿದರು. ಆ ಗಂಟನ್ನು ಬಿಚ್ಚಲು ನನಗೆ ಮನಸ್ಸೇ ಬರಲಿಲ್ಲ.

ಅಲ್ಲಿಂದ ಮುಂದೆ ತೂಬು ತೆಗೆದ ಹಾಗೆ. ಮೊದಲು ‘ನೀರು’, ‘ಸಾಕು’, ‘ಬೇಡ’. ಆಮೇಲೆ ‘ಇವಳೇ, ಪೇಪರ್ ಕೊಡು’. ಇವಳೇ ಎಂದ ದಿನ ನಾನು ಬೇಕರಿಯಮ್ಮನ ಅಂಗಡಿಗೆ ಹೋಗಿ ಅಲ್ಲಿದ್ದವರಿಗೆಲ್ಲ ಬನ್ನು ಕೊಡಿಸಿದೆ. ಈಗ ಪದಗಳು ಒಂದೊಂದು ಸಲ ತಡವರಿಸುತ್ತವೆ, ಅಷ್ಟೇ. ಮೊನ್ನೆ ಹಾಲಿನವನಿಗೆ ಹಾಲು ನೀರಾಗಿದೆ ಎಂದು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಹಾಲಿನವನೂ ಖುಷಿಯಿಂದ ಬೈಸಿಕೊಂಡು, “ಮೇಷ್ಟ್ರು ಹುಷಾರಾದ್ರು, ನನಗಷ್ಟು ಸಾಕು,” ಅಂದ.

ಡಾಕ್ಟರಮ್ಮ ಬಂದು ಪರೀಕ್ಷೆ ಮಾಡಿ, “ದೊಡ್ಡ ರಸ್ತೆ ತೆರೀತಮ್ಮ. ಇನ್ನು ಆ ಇಂಗ್ಲಿಷ್ ಪಾಠ ಬಿಟ್ಟುಬಿಡಿ, ಕನ್ನಡದಲ್ಲೇ ಮಾತಾಡಿಸಿ,” ಅಂದಳು. ಮಾತು ನಿಂತಿದ್ದ ತಿಂಗಳುಗಳದ್ದು ಇವರಿಗೆ ಕೆಲವು ನೆನಪಿರುತ್ತದೆ, ಕೆಲವು ಕಲಸುಮೇಲೋಗರ ಆಗಿರುತ್ತದೆ, ಅದಕ್ಕೆ ಹೆದರಬೇಡಿ ಎಂದೂ ಹೇಳಿದಳು. ಆಸ್ಪತ್ರೆ ಸೇರಿದ್ದೇ ಇವರಿಗೆ ನೆನಪಿಲ್ಲ, ನೀನು ಬಂದು ಇದ್ದದ್ದು ನೆನಪಿದೆ. ‘ಅಕ್ಕ ಬಂದಿದ್ರಲ್ಲ, ಅವರಿಗೆ ಕಾಗದ ಬರಿ, ನನ್ನ ನಮಸ್ಕಾರ ಹೇಳು’ ಎಂದು ಅವರೇ ನೆನಪಿಸಿದ್ದಕ್ಕೆ ಈ ಕಾಗದ ಇವತ್ತು ಹೊರಟಿದೆ. ಡಾಕ್ಟರಮ್ಮನಿಗೆ ನಾನೇ ಒಂದು ಕೋಟು ಹೊಲಿದು ಕೊಟ್ಟೆ. ಬೇಡ ಬೇಡ ಎನ್ನುತ್ತಲೇ ತೊಟ್ಟುಕೊಂಡಳು. ತೋಳು ಅಳತೆಗೆ ಸರಿಯಾಗಿ ಕೂತಿದೆ.

ಗೋಡೆಯ ಕಪ್ಪು ಬಟ್ಟೆ ಬಿಚ್ಚಿ, ಒಗೆದು, ಒಬ್ಬರ ಕೋಟಿನ ಒಳಗೆ ಹಾಕಿಬಿಟ್ಟೆ. ಸಂಜೆ ಚಹಾ ಕುಡಿದು ಇವರು ಪೇಪರ್ ಹಿಡಿಯುತ್ತಾರೆ, ನಾನು ಮೆಷಿನ್ನಿಗೆ ಕೂರುತ್ತೇನೆ. ಮನೆ ಮೊದಲಿನ ಹಾಗೆ ಆಗಿದೆ ಎಂದು ನೋಡಲು ಬಂದವರೆಲ್ಲ ಹೇಳುತ್ತಾರೆ. ಹೌದು, ಮೊದಲಿನ ಹಾಗೇ ಆಗಿದೆ. ಮಾತು ಬಾರದಿದ್ದಾಗ ಒಂದು ಪದಕ್ಕಾಗಿ ಒದ್ದಾಡುತ್ತಿದ್ದರು. ಈಗ ಎಲ್ಲ ಮಾತೂ ಬರುತ್ತದೆ, ಅದಕ್ಕೇ ಸುಮ್ಮನಿರುತ್ತಾರೆ. ನಾನು ದೂರುತ್ತಿಲ್ಲ, ದೂರಿದರೆ ನನ್ನ ಬಾಯಿಗೆ ಹುಳ ಬೀಳಲಿ. ಎಷ್ಟು ಮನೆಗಳಲ್ಲಿ ಇಷ್ಟೂ ವಾಪಸ್ಸು ಬರುವುದಿಲ್ಲ. ಮಲಗಿದ್ದ ಗಂಡ ಎದ್ದು ಕೂತಿದ್ದಾನೆ, ಕರೆದರೆ ಓಗೊಡುತ್ತಾನೆ, ಹಾಲಿನವನನ್ನು ಬೈಯುತ್ತಾನೆ. ಇನ್ನೇನು ಬೇಕು ಒಬ್ಬ ಹೆಂಗಸಿಗೆ? ಬೆಳಗ್ಗೆ ಎದ್ದು ಇವರು ಕೆಮ್ಮುವ ಸದ್ದು ಕೇಳಿದರೆ ಸಾಕು, ಮೊದಲು ದೇವರಿಗೆ, ಆಮೇಲೆ ನಿನಗೆ, ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಭಾವನವರನ್ನು ಕರೆದುಕೊಂಡು ಬಾ. ಈಗ ಇವರ ಜೊತೆ ಕೂತು ಮಾತಾಡಬಹುದು. ನೀವಿಬ್ಬರೂ ನೂರು ವರ್ಷ ಹೀಗೇ ಒಬ್ಬರನ್ನೊಬ್ಬರು ಛೇಡಿಸಿಕೊಂಡು ಚೆನ್ನಾಗಿರಿ. ದೇವರು ನಿಮ್ಮ ಮನೆಯಲ್ಲಿ ಮಾತು ಎಂದೂ ಕಡಿಮೆ ಮಾಡದಿರಲಿ.

ನಿನ್ನ
ಚಿನಕುರುಳಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದು ಬರೆದುಬಿಡುತ್ತೇನೆ. ಭಾವನವರಿಗೆ ಓದಿ ಹೇಳಬೇಡ.

ಪಾಠ ನಿಂತಮೇಲೂ ನಾನು ಒಂದೊಂದು ವಾಕ್ಯ ಮಾಡಿ ಇಟ್ಟುಕೊಳ್ಳುತ್ತಿದ್ದೆ, ಕೇಳಿದರೆ ಹೇಳೋಣ ಎಂದು. ಕೇಳಲಿಲ್ಲ. ನಿನ್ನೆ ಸಂಜೆ ಇವರು ಪೇಪರಿನಿಂದ ತಲೆ ಎತ್ತಿ, ತಾವಾಗಿಯೇ ನನ್ನನ್ನು ಮಾತಾಡಿಸಿದರು. ನಾನು ಮೆಷಿನ್ ನಿಲ್ಲಿಸಿದೆ.

“ಇವಳೇ, ಆ ಹುಡುಗಿ ಯಾಕೆ ಬರ್ತಿಲ್ಲ ಈಗ?” ಅಂದರು.

“ಯಾವ ಹುಡುಗಿ ರೀ?”

“ಅದೇ, ನನಗೆ ಹುಷಾರಿಲ್ದಾಗ ಪಾಠಕ್ಕೆ ಬರ್ತಿದ್ಲಲ್ಲ, ಲಾಸ್ಟ್ ಬೆಂಚಿನವಳು. ಪ್ರಿಪೋಸಿಷನ್ ಹೇಳ್ಕೊಡ್ತಿದ್ದೆ. ಸೂಜಿ ಇಟ್ಕೊಂಡು ತೋರಿಸ್ತಿದ್ಲು. ಎಷ್ಟು ಚುರುಕು ಅಂತೀಯ! ಅಂಥ ವಿದ್ಯಾರ್ಥಿ ನನ್ನ ಸರ್ವೀಸಲ್ಲೇ ಸಿಕ್ಕಿರಲಿಲ್ಲ.”

ಹುಡುಗಾಟವಾಡುತ್ತಿದ್ದಾರೇನೋ ಎಂದು ಮುಖ ನೋಡಿದೆ. ಇಲ್ಲ. ನಿಜವಾಗಿ ಕೇಳುತ್ತಿದ್ದರು. ಅವಳ ನೆನಪಿಗೆ ಮುಖ ಅರಳಿತ್ತು. ಅದು ನಾನೇ ರೀ ಎಂದು ಬಾಯಿ ತುದಿಗೆ ಬಂತು. ಹೇಳಿದರೆ ಆ ಮುಖ ಹೇಗೆ ಬದಲಾಗುತ್ತದೋ ಎಂದು ಹೆದರಿ ನುಂಗಿಕೊಂಡೆ.

“ಮದುವೆ ಆಯ್ತಂತೆ ರೀ ಅವಳಿಗೆ,” ಅಂದೆ.



“ಛೆ, ಓದಿಸಬೇಕಿತ್ತು ಅವಳನ್ನ,” ಎಂದು ಪೇಪರಿನ ಹಾಳೆ ಮಗುಚಿದರು.